ಮನೆ ರಿಪೇರಿಗೆ ಕಂಟ್ರಾಕ್ಟರ್: ಯಾರನ್ನು ನಂಬುವುದು, ಯಾವ ಕೊಟೇಷನ್ ಒಪ್ಪುವುದು?

ಬಾತ್‌ರೂಮಿನ ಗೋಡೆಯಲ್ಲಿ ತೇವ ಇಳಿಯುತ್ತಿದೆ, ತಾರಸಿ ಸೋರುತ್ತಿದೆ, ಅಡುಗೆಮನೆ ಕಟ್ಟೆ ಹಳೆಯದಾಗಿದೆ. ಸರಿ ಮಾಡಿಸೋಣ ಎಂದು ಮೂವರು ಕಂಟ್ರಾಕ್ಟರುಗಳನ್ನು ಕರೆದು ತೋರಿಸುತ್ತೀರಿ. ಒಬ್ಬರು 90 ಸಾವಿರ ಎನ್ನುತ್ತಾರೆ. ಇನ್ನೊಬ್ಬರು 1 ಲಕ್ಷ 18 ಸಾವಿರ. ಮತ್ತೊಬ್ಬರು 2 ಲಕ್ಷ. ಮನೆಯವರೆಲ್ಲ ಕೂತು ಯೋಚಿಸಿದರೂ ಯಾರ ಲೆಕ್ಕ ಸರಿ ಎಂದು ಗೊತ್ತಾಗುವುದಿಲ್ಲ.

ಗೊತ್ತಾಗದಿರಲು ಕಾರಣವಿದೆ. ಮೂವರೂ ಬೆಲೆ ಹೇಳಿದ್ದು ಒಂದೇ ಕೆಲಸಕ್ಕಲ್ಲ. ಒಬ್ಬರ ಲೆಕ್ಕದಲ್ಲಿ ವಾಟರ್‌ಪ್ರೂಫಿಂಗ್ (ನೀರು ಇಳಿಯದಂತೆ ಮಾಡುವ ಲೇಪನ) ಇಲ್ಲ. ಇನ್ನೊಬ್ಬರ ಲೆಕ್ಕದಲ್ಲಿ ಒಡೆದ ಅವಶೇಷ ಸಾಗಿಸುವ ಖರ್ಚಿಲ್ಲ. ಮೂರನೆಯವರು ದುಬಾರಿ ನಲ್ಲಿಗಳನ್ನೂ ಸೇರಿಸಿಕೊಂಡಿದ್ದಾರೆ. ಹೀಗಿರುವಾಗ ಕೊನೆಯ ಸಾಲಿನ ಮೊತ್ತವನ್ನಷ್ಟೇ ನೋಡಿದರೆ ಮೋಸ ಹೋಗುವುದು ಸುಲಭ. ಆದ್ದರಿಂದ ಕಂಟ್ರಾಕ್ಟರ್ ಹುಡುಕುವ ಮೊದಲು ಕೆಲಸದ ಪಟ್ಟಿಯನ್ನು ನೀವೇ ಬರೆಯಿರಿ. ಎಲ್ಲರೂ ಆ ಒಂದೇ ಪಟ್ಟಿಗೆ ದರ ಬರೆಯಲಿ. ಈ ಲೇಖನದ ಮುಖ್ಯ ಮಾತು ಇದೇ.

ಲೈಸೆನ್ಸ್ ಯಾವ ಕೆಲಸಕ್ಕೆ ಬೇಕು?

"ಲೈಸೆನ್ಸ್ ಇರುವ ಕಂಟ್ರಾಕ್ಟರನ್ನೇ ಹಿಡಿಯಿರಿ" ಎಂದು ಹಲವರು ಸಲಹೆ ಕೊಡುತ್ತಾರೆ. ಆದರೆ ಕರ್ನಾಟಕದಲ್ಲಿ ಖಾಸಗಿ ಮನೆಯ ಗಾರೆ ಕೆಲಸ, ಟೈಲ್ಸ್, ಪೇಂಟಿಂಗ್, ಬಡಗಿ ಕೆಲಸಗಳಿಗೆ ಸರ್ಕಾರದ ಕಡ್ಡಾಯ ಲೈಸೆನ್ಸ್ ಎಂಬುದಿಲ್ಲ. ಯಾರು ಬೇಕಾದರೂ ಕಾರ್ಡ್ ಅಚ್ಚು ಹಾಕಿಸಿ ಕಂಟ್ರಾಕ್ಟರ್ ಎನ್ನಬಹುದು. ಹಾಗಾಗಿ ಪರಿಶೀಲನೆಯ ಹೊಣೆ ನಿಮ್ಮ ಮೇಲೆಯೇ ಬೀಳುತ್ತದೆ.

ಕೆಲವು ಕೆಲಸಗಳಿಗೆ ಮಾತ್ರ ನಿಯಮ ಬೇರೆ.

ವೈರಿಂಗ್ ಕೆಲಸ ಮಾಡುವ ವಿದ್ಯುತ್ ಗುತ್ತಿಗೆದಾರರಿಗೆ ರಾಜ್ಯ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯ ಪರವಾನಗಿ ಕೊಡುತ್ತದೆ. ಮನೆಗೆ ಹೆಚ್ಚುವರಿ ಲೋಡ್ ಬೇಕಾದಾಗ, ಹೊಸ ಮೀಟರ್ ಹಾಕಿಸುವಾಗ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂನಂಥ ಕಂಪನಿಗಳು ಇಂಥ ಗುತ್ತಿಗೆದಾರರ ಮೂಲಕವೇ ಬರಲು ಹೇಳುತ್ತವೆ. ಪರವಾನಗಿ ಪತ್ರ ನೋಡುವಾಗ ಅದರ ಅವಧಿ ಮುಗಿದಿದೆಯೇ ಎಂಬುದನ್ನೂ ನೋಡಿ.

ಬೆಂಗಳೂರಿನಲ್ಲಿ ಜಲಮಂಡಳಿಯ ನೀರು, ಒಳಚರಂಡಿ ಸಂಪರ್ಕದ ಕೆಲಸಕ್ಕೆ ಮಂಡಳಿಯ ಪರವಾನಗಿ ಪಡೆದ ಪ್ಲಂಬರ್ ಬೇಕು. ಮನೆಯೊಳಗಿನ ನಲ್ಲಿ ಬದಲಿಸಲು ಇದರ ಅಗತ್ಯವಿಲ್ಲ.

ಆರ್ಕಿಟೆಕ್ಟ್ (ವಾಸ್ತುಶಿಲ್ಪಿ) ಎಂದು ಕರೆದುಕೊಳ್ಳಲು 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಡಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಇರಲೇಬೇಕು. ನೋಂದಣಿ ಸಂಖ್ಯೆ 'ಸಿಎ' ಎಂದು ಶುರುವಾಗುತ್ತದೆ. ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು. ಇಂಟೀರಿಯರ್ ಡಿಸೈನರ್‌ಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಗೋಡೆ ಒಡೆಯುವ ಅಥವಾ ಮೇಲೊಂದು ಕೋಣೆ ಕಟ್ಟುವ ಯೋಚನೆ ಇದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ (ಕಟ್ಟಡದ ಭಾರ ಲೆಕ್ಕ ಹಾಕುವ ಎಂಜಿನಿಯರ್) ಅವರನ್ನು ಮೊದಲು ಕರೆಸಿ. ಕರಾವಳಿಯ ಕೆಂಪುಕಲ್ಲಿನ ಮನೆಗಳಲ್ಲಿ, ಹಳೆಯ ಇಟ್ಟಿಗೆ ಮನೆಗಳಲ್ಲಿ ಸಾಮಾನ್ಯವಾಗಿ ಗೋಡೆಯೇ ಚಾವಣಿಯ ಭಾರ ಹೊತ್ತಿರುತ್ತದೆ. "ಈ ಗೋಡೆ ತೆಗೆದರೆ ಏನೂ ಆಗಲ್ಲ ಸಾರ್" ಎಂಬ ಬಾಯಿಮಾತು ಇಲ್ಲಿ ಸಾಲದು. ಎಂಜಿನಿಯರ್ ಸಹಿ ಹಾಕಿದ ಕಾಗದ ಬೇಕು. ಇಂಥ ಕೆಲಸಕ್ಕೆ ನಿಮ್ಮ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಯ ಅನುಮತಿಯೂ ಬೇಕಾಗುತ್ತದೆ. ಅಪಾರ್ಟ್‌ಮೆಂಟ್ ಆದರೆ ನಿವಾಸಿಗಳ ಸಂಘದ ಒಪ್ಪಿಗೆಯನ್ನೂ ಪಡೆಯಿರಿ.

ಕಾಗದ ತೋರಿಸಿದರೆ ಹೇಗೆ ಓದುವುದು?

ಕಂಟ್ರಾಕ್ಟರ್ ತೋರಿಸುವ ಒಂದೊಂದು ಕಾಗದವೂ ಒಂದೊಂದು ವಿಷಯವನ್ನಷ್ಟೇ ಹೇಳುತ್ತದೆ. ಅದು ಯಾವುದು ಎಂದು ತಿಳಿದಿರಬೇಕು.

ಜಿಎಸ್‌ಟಿ ಸಂಖ್ಯೆ: ಇದರಲ್ಲಿ 15 ಅಕ್ಷರ-ಅಂಕಿಗಳಿರುತ್ತವೆ. ಮೊದಲ ಎರಡು ಅಂಕಿ ರಾಜ್ಯದ ಕೋಡ್, ಕರ್ನಾಟಕದ್ದು 29. ಅದರ ನಂತರದ 10 ಅವರ ಪ್ಯಾನ್ ಸಂಖ್ಯೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ 'ಸರ್ಚ್ ಟ್ಯಾಕ್ಸ್‌ಪೇಯರ್' ಎಂಬಲ್ಲಿ ಈ ಸಂಖ್ಯೆ ಹಾಕಿ. ಲಾಗಿನ್ ಬೇಡ, ಹಣವೂ ಬೇಡ. ಕಾನೂನುಬದ್ಧ ಹೆಸರು, ವ್ಯಾಪಾರದ ಹೆಸರು, ನೋಂದಣಿಯಾದ ದಿನಾಂಕ, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಕಾಣುತ್ತದೆ. "ಹದಿನೈದು ವರ್ಷದಿಂದ ಇದೇ ಕಂಪನಿ ನಡೆಸ್ತಿದೀನಿ" ಎನ್ನುವವರ ನೋಂದಣಿ ಕಳೆದ ವರ್ಷದ್ದಾಗಿದ್ದರೆ ಯಾಕೆ ಎಂದು ಕೇಳಿ. ಸರಿಯಾದ ಕಾರಣವೂ ಇರಬಹುದು.

ಜಿಎಸ್‌ಟಿ ಇಲ್ಲದವರು ಮೋಸಗಾರರೇ? ಹಾಗೇನಿಲ್ಲ. ಕರ್ನಾಟಕದಲ್ಲಿ ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಮಾತ್ರ ಸಾಮಾನ್ಯವಾಗಿ ನೋಂದಣಿ ಕಡ್ಡಾಯ. ಒಳ್ಳೆಯ ಮೇಸ್ತ್ರಿಗಳು ಎಷ್ಟೋ ಮಂದಿ ಈ ಮಿತಿಯೊಳಗೇ ಇರುತ್ತಾರೆ. ಆದರೆ ನೋಂದಣಿ ಇಲ್ಲದವರು ನಿಮ್ಮಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಕಾಂಪೋಸಿಷನ್ ಯೋಜನೆಯಲ್ಲಿ (ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ ಪದ್ಧತಿ) ಇರುವವರೂ ಬಿಲ್ಲಿನಲ್ಲಿ ತೆರಿಗೆ ಸೇರಿಸುವಂತಿಲ್ಲ. ಯಾರು ಯಾವ ಬಗೆಯವರು ಎಂಬುದೂ ಪೋರ್ಟಲ್‌ನಲ್ಲೇ ಕಾಣುತ್ತದೆ.

ಉದ್ಯಮ್ ಪ್ರಮಾಣಪತ್ರ: ಇದು ಸಣ್ಣ ಉದ್ಯಮಗಳ ಉಚಿತ ನೋಂದಣಿ. ಉದ್ಯಮಿ ತಾನೇ ಕೊಟ್ಟ ಮಾಹಿತಿಯ ಮೇಲೆ ಸಿಗುತ್ತದೆ. ಕೆಲಸದ ಗುಣಮಟ್ಟಕ್ಕೆ ಸರ್ಕಾರ ಕೊಟ್ಟ ಮೊಹರು ಇದಲ್ಲ.

ಪಿಡಬ್ಲ್ಯುಡಿ ದರ್ಜೆ: 'ಪ್ರಥಮ ದರ್ಜೆ ಗುತ್ತಿಗೆದಾರರು' ಎಂಬ ಫಲಕ ನೋಡಿದರೆ ಗೌರವ ಬರುವುದು ಸಹಜ. ಆ ದರ್ಜೆ ಸರ್ಕಾರಿ ಕಾಮಗಾರಿಯ ಟೆಂಡರ್‌ಗಾಗಿ ಕೊಟ್ಟದ್ದು. ರಸ್ತೆ, ಸೇತುವೆ ಮಾಡಿದವರು ನಿಮ್ಮ ಬಾತ್‌ರೂಮಿನ ಟೈಲ್ಸ್ ಚೆನ್ನಾಗಿ ಕೂರಿಸುತ್ತಾರೆ ಎಂಬುದು ಅದರಿಂದ ಗೊತ್ತಾಗುವುದಿಲ್ಲ.

ರೇರಾ: ಇದು ಮಾರಾಟಕ್ಕೆ ಕಟ್ಟುವ ದೊಡ್ಡ ವಸತಿ ಯೋಜನೆಗಳ ಕಾನೂನು. ನಿಮ್ಮ ಸ್ವಂತ ಮನೆಯ ರಿಪೇರಿ ಇದರ ವ್ಯಾಪ್ತಿಗೆ ಬರುವುದಿಲ್ಲ.

ಇಷ್ಟಾದ ಮೇಲೆ ಆಧಾರ್ ಅಥವಾ ಪ್ಯಾನ್‌ನ ಪ್ರತಿ, ಖಾಯಂ ವಿಳಾಸ, ಕಾರ್ಮಿಕರಿಗೆ ಅಪಘಾತ ವಿಮೆ ಇದೆಯೇ ಎಂಬ ವಿವರ ಕೇಳಿ ಪಡೆಯಿರಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಕೆಲಸಗಾರರಿಗೆ ಇದ್ದರೆ ಒಳ್ಳೆಯದು. ಸಾರುವೆಯ (ಕಟ್ಟಡದ ಸುತ್ತ ಕಟ್ಟುವ ಕಂಬ-ಹಲಗೆ) ಮೇಲಿಂದ ಯಾರಾದರೂ ಬಿದ್ದರೆ ಆ ಕುಟುಂಬದ ಗತಿಯೇನು ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಯೋಚಿಸುವುದು ನಮ್ಮ ಕರ್ತವ್ಯವೂ ಹೌದು.

ಹಳೆಯ ಕೆಲಸ ನೋಡಿ ಬನ್ನಿ

ಕಾಗದಕ್ಕಿಂತ ಹೆಚ್ಚು ಹೇಳುವುದು ಅವರು ಹಿಂದೆ ಮಾಡಿದ ಕೆಲಸ. ಮೊಬೈಲಿನ ಫೋಟೊ ನೋಡಿ ತೃಪ್ತರಾಗಬೇಡಿ. ಕೆಲಸ ಮಾಡಿಸಿಕೊಂಡ ಇಬ್ಬರು ಮೂವರ ಫೋನ್ ನಂಬರ್ ಕೇಳಿ. ಅವರಲ್ಲಿ ಒಬ್ಬರಾದರೂ ಒಂದು ಮಳೆಗಾಲ ದಾಟಿದವರಾಗಿರಲಿ. ತಾರಸಿ, ಹೊರಗೋಡೆ, ಬಾಲ್ಕನಿಯ ಕೆಲಸದ ಬಣ್ಣ ಬಯಲಾಗುವುದು ಮಳೆ ಬಿದ್ದ ಮೇಲೆಯೇ. ಮಾರ್ಚ್‌ನಲ್ಲಿ ಮುಗಿದ ಕೆಲಸವನ್ನು ಏಪ್ರಿಲ್‌ನಲ್ಲಿ ನೋಡಿದರೆ ಎಲ್ಲವೂ ಚೆಂದವೇ.

ಫೋನ್ ಮಾಡಿದಾಗ "ಕೆಲಸ ಚೆನ್ನಾಗಿದೆಯಾ?" ಎಂದು ಕೇಳಿದರೆ "ಹ್ಞೂಂ, ಚೆನ್ನಾಗಿದೆ" ಎಂಬ ಉತ್ತರ ಬರುತ್ತದೆ, ಅಷ್ಟೇ. ಹೀಗೆ ಕೇಳಿ ನೋಡಿ: "ಮೇಡಂ, ಮೊದಲು ಹೇಳಿದ್ದು ಎಷ್ಟು, ಕೊನೆಗೆ ಆಗಿದ್ದು ಎಷ್ಟು? ಹೇಳಿದ ದಿನಕ್ಕೆ ಮುಗಿಸಿದ್ರಾ? ಮುಗಿದ ಮೇಲೆ ಏನಾದ್ರೂ ತೊಂದರೆ ಬಂತಾ? ಫೋನ್ ಮಾಡಿದ್ರೆ ಬಂದು ನೋಡಿದ್ರಾ?" ಈ ನಾಲ್ಕು ಪ್ರಶ್ನೆಗಳಲ್ಲಿ ಕೊನೆಯದಕ್ಕೆ ಬರುವ ಉತ್ತರವೇ ಮುಖ್ಯ. ತೊಂದರೆ ಯಾರ ಕೆಲಸದಲ್ಲೂ ಬರಬಹುದು. ಕರೆದಾಗ ಬರುವವರು ಬೇಕು.

ಈಗ ನಡೆಯುತ್ತಿರುವ ಅವರ ಒಂದು ಕೆಲಸವನ್ನೂ ನೋಡಿ. ಸಿಮೆಂಟ್ ಚೀಲಗಳು ನೆಲಕ್ಕೆ ತಾಗದಂತೆ ಹಲಗೆಯ ಮೇಲಿವೆಯೇ? ಹೊಸ ಪ್ಲಾಸ್ಟರಿಂಗ್‌ಗೆ ಕ್ಯೂರಿಂಗ್ (ದಿನವೂ ನೀರು ಹಾಕಿ ಹದ ಮಾಡುವುದು) ನಡೆಯುತ್ತಿದೆಯೇ? ಮೇಸ್ತ್ರಿ ಸ್ಥಳದಲ್ಲಿದ್ದಾರೆಯೇ? ಹತ್ತು ನಿಮಿಷ ನಿಂತರೆ ಸಾಕು, ಶಿಸ್ತು ಎಷ್ಟಿದೆ ಎಂಬುದು ತಿಳಿಯುತ್ತದೆ.

ಪಟ್ಟಿ ಬರೆಯುವುದು ಹೇಗೆ?

ಒಂದು ಬಾತ್‌ರೂಮನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಉದ್ದ 8 ಅಡಿ, ಅಗಲ 5 ಅಡಿ. ಗೋಡೆಗೆ 7 ಅಡಿ ಎತ್ತರದವರೆಗೆ ಟೈಲ್ಸ್ ಬೇಕು.

ನೆಲ: 8 × 5 = 40 ಚದರಡಿ. ನಾಲ್ಕೂ ಗೋಡೆಯ ಸುತ್ತಳತೆ 26 ಅಡಿ. 26 × 7 = 182 ಚದರಡಿ. ಇದರಲ್ಲಿ ಎರಡೂವರೆ ಅಡಿ ಅಗಲ, 7 ಅಡಿ ಎತ್ತರದ ಬಾಗಿಲಿನ ಜಾಗ 17.5 ಚದರಡಿ ಕಳೆಯಿರಿ. ಉಳಿಯುವುದು 164.5. ನೆಲ ಸೇರಿದರೆ ಒಟ್ಟು 204.5 ಚದರಡಿ. ಕತ್ತರಿಸುವಾಗ, ಒಡೆದಾಗ ಹಾಳಾಗುವುದಕ್ಕೆ ಶೇಕಡ 10 ಸೇರಿಸಿದರೆ ಸುಮಾರು 225 ಚದರಡಿ.

ಅಂಗಡಿಯಿಂದ ತರಬೇಕಾದ ಟೈಲ್ಸ್ 225 ಚದರಡಿ. ಕೂರಿಸುವ ಕೂಲಿ ಕೊಡಬೇಕಾದದ್ದು 204.5 ಚದರಡಿಗೆ. ಕೊಟೇಷನ್‌ನಲ್ಲಿ 280 ಚದರಡಿ ಎಂದಿದ್ದರೆ ಅಳತೆ ತೋರಿಸಿ ಎನ್ನಿ. 150 ಎಂದಿದ್ದರೆ ಅರ್ಧ ಕೆಲಸ ಆದ ಮೇಲೆ 'ಎಕ್ಸ್‌ಟ್ರಾ' ಬರುತ್ತದೆ ಎಂದು ತಿಳಿಯಿರಿ. ಒಂದು ಟೇಪು, ಒಂದು ಹಾಳೆ ಇದ್ದರೆ ಈ ಲೆಕ್ಕ ಯಾರು ಬೇಕಾದರೂ ಮಾಡಬಹುದು.

ಈಗ ಪಟ್ಟಿ ಹೀಗೆ ಬರೆಯಿರಿ:

1. ಹಳೆಯ ಟೈಲ್ಸ್, ಕಮೋಡ್ ತೆಗೆಯುವುದು, ಅವಶೇಷ ಸಾಗಿಸುವುದು.
2. ಪೈಪ್ ಬದಲಿಸುವುದು: ಯಾವ ಬಗೆಯ ಪೈಪ್, ಯಾವ ಕಂಪನಿ, ಎಷ್ಟು ಅಡಿ.
3. ವಾಟರ್‌ಪ್ರೂಫಿಂಗ್: ಯಾವ ಸಾಮಗ್ರಿ, ಎಷ್ಟು ಕೋಟ್, ಗೋಡೆಯ ಮೇಲೆ ಎಷ್ಟು ಎತ್ತರದವರೆಗೆ.
4. ನೀರು ನಿಲ್ಲಿಸಿ ಪರೀಕ್ಷೆ.
5. ಟೈಲ್ಸ್ ಕೂರಿಸುವುದು: ಎಷ್ಟು ಚದರಡಿ, ಸಿಮೆಂಟ್‌ನಲ್ಲೋ ಟೈಲ್ ಅಂಟಿನಲ್ಲೋ, ಸಂದು ತುಂಬುವುದು ಸೇರಿದೆಯೇ.
6. ವಿದ್ಯುತ್: ಗೀಸರ್‌ಗೆ ಯಾವ ಅಳತೆಯ ತಂತಿ, ಎಷ್ಟು ಪಾಯಿಂಟ್.
7. ನಲ್ಲಿ, ಕಮೋಡ್, ವಾಷ್‌ಬೇಸಿನ್: ಯಾರು ತರಬೇಕು, ಯಾವ ಮಾಡೆಲ್.
8. ಕೆಲಸ ಮುಗಿದ ಮೇಲೆ ಸ್ವಚ್ಛಗೊಳಿಸುವುದು.

ಪ್ರತಿ ಸಾಲಿನ ಎದುರಿಗೆ ಪ್ರಮಾಣ, ದರ, ಮೊತ್ತ ಎಂಬ ಮೂರು ಕಲಂ ಬಿಡಿ. ಈ ಹಾಳೆಯ ಪ್ರತಿಯನ್ನು ಮೂವರಿಗೂ ಕೊಡಿ. ಎಲ್ಲರೂ ಮನೆಗೆ ಬಂದು ಅಳತೆ ಮಾಡಿಯೇ ತುಂಬಲಿ. ಫೋನ್‌ನಲ್ಲೇ ಬೆಲೆ ಹೇಳುವುದನ್ನು ಒಪ್ಪಬೇಡಿ.

ಬೇರೆ ಕೆಲಸಗಳಿಗೂ ಇದೇ ಕ್ರಮ. ಪೇಂಟಿಂಗ್ ಆದರೆ ನೆಲದ ವಿಸ್ತೀರ್ಣಕ್ಕೋ ಗೋಡೆಯ ವಿಸ್ತೀರ್ಣಕ್ಕೋ ಎಂಬುದನ್ನು ಬರೆಸಿ. ಪುಟ್ಟಿ ಎಷ್ಟು ಕೋಟ್, ಪ್ರೈಮರ್ ಇದೆಯೇ, ಬಣ್ಣ ಎಷ್ಟು ಕೋಟ್ ಎಂಬುದೂ ಇರಲಿ. ಅಡುಗೆಮನೆಯ ಕಪಾಟಿಗೆ 'ಒಳ್ಳೆ ಪ್ಲೈವುಡ್' ಎಂದು ಬರೆದರೆ ಸಾಲದು. 'ಐಎಸ್ 710 ಮರೀನ್ ಪ್ಲೈ, 18 ಮಿ.ಮೀ' ಎಂದು ಬರೆಸಿ. ವೈರಿಂಗ್‌ಗೆ 'ಐಎಸ್ಐ ತಂತಿ' ಎಂಬುದರ ಜೊತೆಗೆ ಅಳತೆಯೂ ಇರಲಿ: ಸಾಮಾನ್ಯವಾಗಿ ದೀಪಕ್ಕೆ 1.5, ಪವರ್ ಪ್ಲಗ್‌ಗೆ 2.5, ಗೀಸರ್‌ಗೆ 4 ಚದರ ಮಿ.ಮೀ ಬಳಸುತ್ತಾರೆ. ಸಾಮಗ್ರಿ ಬಂದಾಗ ಐಎಸ್ಐ ಗುರುತಿನ ಜೊತೆಗಿರುವ ಲೈಸೆನ್ಸ್ ಸಂಖ್ಯೆಯನ್ನು 'ಬಿಐಎಸ್ ಕೇರ್' ಎಂಬ ಉಚಿತ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ನಕಲಿಯಾದರೆ ಗೊತ್ತಾಗುತ್ತದೆ.

ಕೊಟೇಷನ್ ಹೋಲಿಸುವುದು ಹೇಗೆ?

ಇದೇ ಬಾತ್‌ರೂಮ್ ಕೆಲಸಕ್ಕೆ ಬಂದ ಎರಡು ಕೊಟೇಷನ್‌ಗಳನ್ನು ಎದುರುಬದುರು ಇಟ್ಟು ನೋಡೋಣ. ಈ ಅಂಕಿಗಳು ಲೆಕ್ಕ ತೋರಿಸಲು ಮಾತ್ರ. ದರ ಊರಿಂದ ಊರಿಗೆ ಬೇರೆ.

ಮೊದಲನೆಯವರದು 90,000 ರೂಪಾಯಿ, ಒಂದೇ ಸಾಲು: 'ಬಾತ್‌ರೂಮ್ ಕೆಲಸ ಪೂರ್ತಿ'. ಎರಡನೆಯವರದು 1,18,000, ಎಂಟೂ ಸಾಲು ತುಂಬಿದ್ದಾರೆ, ತೆರಿಗೆಯೂ ಸೇರಿದೆ. ಮೊದಲನೆಯವರನ್ನು ಸಾಲು ಸಾಲಾಗಿ ಕೇಳಿದಾಗ ಅವಶೇಷ ಸಾಗಿಸಲು 6,000, ವಾಟರ್‌ಪ್ರೂಫಿಂಗ್‌ಗೆ 12,000 ಬೇರೆ ಎನ್ನುತ್ತಾರೆ. ಮೊತ್ತ 1,08,000 ಆಯಿತು. ಅದರ ಮೇಲೆ ಜಿಎಸ್‌ಟಿ ಬೇರೆ. ಸಾಮಗ್ರಿ ಸಮೇತ ಮಾಡುವ ಇಂಥ ಕೆಲಸಕ್ಕೆ ಶೇಕಡ 18 ಎಂದರೆ 19,440. ಒಟ್ಟು 1,27,440 ರೂಪಾಯಿ. ಕಡಿಮೆ ಎಂದು ಕಂಡದ್ದು ಹೆಚ್ಚಿನದಾಯಿತು.

ತೀರಾ ಕಡಿಮೆ ದರ ಬಂದರೆ ಯಾವ ಸಾಲು ಬಿಟ್ಟುಹೋಗಿದೆ ಎಂದು ಹುಡುಕಿ. ತೀರಾ ಹೆಚ್ಚು ಬಂದರೆ ಯಾವ ಸಾಲಿನಲ್ಲಿ ಹೆಚ್ಚು ಎಂದು ನೋಡಿ. ಸಾಮಗ್ರಿಯೇ ಉತ್ತಮ ಇದ್ದರೆ ಅದು ನ್ಯಾಯವೇ. ಚೌಕಾಸಿ ಮಾಡುವುದಿದ್ದರೆ ಸಾಲಿನ ಮೇಲೆ ಮಾಡಿ. ಒಟ್ಟು ಮೊತ್ತದಲ್ಲಿ "ಹತ್ತು ಸಾವಿರ ಬಿಡಿ" ಎಂದರೆ ಅವರು ಬಿಡುತ್ತಾರೆ. ಆ ಹತ್ತು ಸಾವಿರ ಆಮೇಲೆ ಸಿಮೆಂಟಿನಲ್ಲೋ ಲೇಪನದ ಒಂದು ಕೋಟ್‌ನಲ್ಲೋ ಕಡಿತವಾಗುವ ಸಾಧ್ಯತೆ ಇದೆ.

ಸಾಮಗ್ರಿ ನೀವೇ ತಂದು ಕೂಲಿ ಮಾತ್ರ ಕೊಡುವುದು ಲಾಭವೇ? ನಿಮಗೆ ಬಿಡುವಿದ್ದರೆ, ಅಂಗಡಿ ಪರಿಚಯವಿದ್ದರೆ ಲಾಭ. ಕೆಲಸಕ್ಕೆ ಹೋಗುವವರಾದರೆ ಕಷ್ಟ: ಮಧ್ಯಾಹ್ನ ಎಂ-ಸ್ಯಾಂಡ್ ಮುಗಿದರೆ ಅಂದಿನ ಕೂಲಿ ವ್ಯರ್ಥ. ಜೊತೆಗೆ ಸೋರಿಕೆ ಬಂದಾಗ "ನೀವು ತಂದ ಮಾಲೇ ಸರಿಯಿಲ್ಲ" ಎನ್ನುವ ದಾರಿಯೂ ಅವರಿಗಿರುತ್ತದೆ. ಟೈಲ್ಸ್, ನಲ್ಲಿಯಂಥ ಕಣ್ಣಿಗೆ ಕಾಣುವ ವಸ್ತು ನೀವು ಆರಿಸಿ. ಸಿಮೆಂಟ್, ಮರಳು, ಲೇಪನ ಅವರ ಹೊಣೆಯಾಗಿರಲಿ.

ಹಣ ಯಾವಾಗ, ಎಷ್ಟು?

ಅರ್ಧ ಹಣ ಮುಂಗಡ ಕೇಳಿದರೆ ಒಪ್ಪಬೇಡಿ. ಕೆಲಸ ಮುಂದೆ, ಹಣ ಹಿಂದೆ ಎಂಬ ಕ್ರಮ ಇರಲಿ. ಬಾತ್‌ರೂಮ್ ಕೆಲಸಕ್ಕೆ ಹೀಗೆ ಭಾಗ ಮಾಡಬಹುದು: ಮುಂಗಡ ಶೇಕಡ 15. ಒಡೆದು ಪೈಪ್ ಕೂರಿಸಿದ ಮೇಲೆ 25. ನೀರಿನ ಪರೀಕ್ಷೆ ಮುಗಿದ ಮೇಲೆ 25. ಟೈಲ್ಸ್ ಮುಗಿದ ಮೇಲೆ 25. ಉಳಿದ 10 ಸಣ್ಣಪುಟ್ಟ ದೋಷ ಸರಿಪಡಿಸಿದ ಮೇಲೆ.

ನೀರಿನ ಪರೀಕ್ಷೆಯನ್ನು ಬಿಡಲೇಬೇಡಿ. ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ, ಟೈಲ್ಸ್ ಹಾಕುವ ಮೊದಲು, ನೀರು ಹೋಗುವ ಬಾಯಿ ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ. ಮಟ್ಟಕ್ಕೆ ಗೋಡೆಯ ಮೇಲೆ ಗೆರೆ ಎಳೆಯಿರಿ. ಕನಿಷ್ಠ 24 ಗಂಟೆ, ಸಾಧ್ಯವಾದರೆ 48 ಗಂಟೆ ಬಿಡಿ. ಕೆಳಗಿನ ಚಾವಣಿಯಲ್ಲಿ ತೇವ ಕಂಡರೆ ಈಗಲೇ ಸರಿ ಮಾಡಿಸಬಹುದು. ಟೈಲ್ಸ್ ಕೂತ ಮೇಲೆ ಎಲ್ಲವನ್ನೂ ಮತ್ತೆ ಒಡೆಯಬೇಕಾಗುತ್ತದೆ.

ಹಣವನ್ನು ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕೊಡಿ. ಒಂದೇ ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಮೇಲಾಗಿ ದಾಖಲೆಯೇ ನಿಮಗೆ ರಕ್ಷಣೆ.

ಒಪ್ಪಂದವನ್ನು ಇ-ಸ್ಟ್ಯಾಂಪ್ ಸಹಿತ ಮಾಡಿ, ತುಂಬಿದ ಪಟ್ಟಿಯನ್ನು ಅದಕ್ಕೆ ಲಗತ್ತಿಸಿ. ಶುರು ಮಾಡುವ ದಿನ, ಮುಗಿಸುವ ದಿನ, ಕಂತುಗಳು, ಸೋರಿಕೆಗೆ ಎಷ್ಟು ವರ್ಷದ ಖಾತರಿ ಎಂಬುದಿರಲಿ. 'ಹೆಚ್ಚುವರಿ ಕೆಲಸವನ್ನು ದರ ಬರೆದು ಇಬ್ಬರೂ ಸಹಿ ಹಾಕಿದ ಮೇಲೆಯೇ ಮಾಡತಕ್ಕದ್ದು' ಎಂಬ ಸಾಲು ತಪ್ಪದೆ ಇರಲಿ.

ಎಲ್ಲಿ ಹುಡುಕುವುದು, ತಕರಾರಾದರೆ ಎಲ್ಲಿಗೆ ಹೋಗುವುದು?

ಮೊದಲು ನಿಮ್ಮ ಬೀದಿಯಲ್ಲೇ ವಿಚಾರಿಸಿ. ಇತ್ತೀಚೆಗೆ ಕೆಲಸ ಮಾಡಿಸಿದವರು, ಅಪಾರ್ಟ್‌ಮೆಂಟ್ ಸಂಘದವರು, ಸ್ಥಳೀಯ ಎಂಜಿನಿಯರ್‌ಗಳು ಹೆಸರು ಕೊಡುತ್ತಾರೆ. ಹಾರ್ಡ್‌ವೇರ್, ಪೇಂಟ್, ಟೈಲ್ಸ್ ಅಂಗಡಿಯವರಿಗೂ ಗೊತ್ತಿರುತ್ತದೆ. ಅವರಿಗೆ ಕಮಿಷನ್ ಇರಬಹುದು ಎಂಬುದು ನೆನಪಿರಲಿ. ಯಾರು ಹೇಳಿದರೂ ಮೇಲಿನ ಪರಿಶೀಲನೆ ಬಿಡಬೇಡಿ. ಸೋರಿಕೆಯ ಕೆಲಸವಾದರೆ ಬೇಸಿಗೆಯ ಆರಂಭದಲ್ಲೇ ಹುಡುಕಿ. ಮೇ ಕೊನೆಯಲ್ಲಿ ಎಲ್ಲರಿಗೂ ಅವಸರ, ಒಳ್ಳೆಯ ಮೇಸ್ತ್ರಿಗಳು ಸಿಗುವುದಿಲ್ಲ.

ಕೆಲಸ ಅರ್ಧಕ್ಕೆ ನಿಂತರೆ ಅಥವಾ ಹಾಳಾದರೆ ಮೊದಲು ಫೋಟೊ ಸಮೇತ ಲಿಖಿತವಾಗಿ ತಿಳಿಸಿ, ಸರಿಪಡಿಸಲು ಗಡುವು ಕೊಡಿ. ಆಗಲೂ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ 'ಸೇವೆ'ಯೇ. ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷದವರೆಗೆ ಶುಲ್ಕವಿಲ್ಲ. ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ತೊಂದರೆ ಉಂಟಾದ ಎರಡು ವರ್ಷದೊಳಗೆ ದೂರು ಕೊಡಬೇಕು. ಅಲ್ಲಿ ನಿಮ್ಮ ಬಲ ಒಪ್ಪಂದ, ಪಟ್ಟಿ, ಬಿಲ್ಲು, ಪಾವತಿಯ ದಾಖಲೆ.

ಕೊನೆಯದಾಗಿ, ನಮ್ಮ ಕಡೆಯ ಹೊಣೆಯೂ ಇದೆ. ಒಪ್ಪಿದ ಹಂತ ಮುಗಿದ ದಿನವೇ ಕಂತು ಕೊಡಿ. ಕಂಟ್ರಾಕ್ಟರ್ ಆ ಹಣದಿಂದಲೇ ವಾರದ ಬಟವಾಡೆ ಮಾಡಬೇಕು. ಮಧ್ಯದಲ್ಲಿ ಟೈಲ್ಸ್ ಬದಲಿಸಿ ಹಳೆಯ ದರಕ್ಕೇ ಮಾಡಿ ಎನ್ನಬೇಡಿ. ಪಟ್ಟಿ ಸ್ಪಷ್ಟವಾಗಿದ್ದರೆ ಪ್ರಾಮಾಣಿಕ ಕಂಟ್ರಾಕ್ಟರ್‌ಗೂ ಅನುಕೂಲವೇ: ಕಡಿಮೆ ಹೇಳಿ ಆಮೇಲೆ ಎಳೆಯುವವರ ಎದುರು ಅವರು ಸೋಲಬೇಕಾಗಿಲ್ಲ. ಪಟ್ಟಿ ತುಂಬಲು ಬೇಸರಪಡದೆ, ಕೇಳಿದ್ದಕ್ಕೆ ಉತ್ತರ ಕೊಟ್ಟು, ಹಳೆಯ ಗ್ರಾಹಕರ ನಂಬರ್ ಕೊಟ್ಟವರಿಗೆ ನಾಲ್ಕು ಸಾವಿರ ಹೆಚ್ಚಾದರೂ ಕೆಲಸ ಕೊಡಿ.